‘ಯೂಸ್ಡ್ ಟು’ ಅಂದರೆ ಈಗ ಇಲ್ಲ ಅಂತ

ಪ್ರಶ್ನೆ: ನಾನು ಕಾಸರಗೋಡಿನವಳು. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಮಂಗಳೂರಿನ ಒಂದು ಕಚೇರಿಯಲ್ಲಿ ಕೆಲಸ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಮೊನ್ನೆ ಹೊಸ ಮ್ಯಾನೇಜರ್ ಹತ್ತಿರ ‘ಐ ಯೂಸ್ಡ್ ಟು ಕಮ್ ಬೈ ಟ್ರೈನ್’ ಎಂದೆ. ‘ಹೌದಾ, ಈಗ ಹೇಗೆ ಬರ್ತೀರಿ?’ ಎಂದು ಕೇಳಿದರು. ಏನು ತಪ್ಪಾಯಿತು ಅಂತಲೇ ಗೊತ್ತಾಗಲಿಲ್ಲ. ಇನ್ನೊಂದು ಸಂಶಯ. ಕೆಲವರು ಡಿ ಬಿಟ್ಟು ‘ಯೂಸ್ ಟು’ ಎಂದು ಬರೆಯುತ್ತಾರೆ. ನನ್ನ ತಮ್ಮ ಪರೀಕ್ಷೆಯಲ್ಲಿ ‘ಡಿಡ್ ನಾಟ್ ಯೂಸ್ಡ್ ಟು’ ಎಂದು ಡಿ ಹಾಕಿ ಬರೆದದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. ಹಾಗಾದರೆ ಡಿ ಬೇಕಾ, ಬೇಡವಾ? ‘ಐ ಆ್ಯಮ್ ಯೂಸ್ಡ್ ಟು’ ಎಂದು ಬೇರೊಂದು ಉಂಟಲ್ಲ, ಅದೇನು? ಕೊನೆಗೆ, ಒಂದು ಅರ್ಜಿಯಲ್ಲಿ ‘ಐ ಯೂಸ್ಡ್ ಟು ಟೇಕ್ ಟ್ಯೂಷನ್ ಫಾರ್ ತ್ರೀ ಇಯರ್ಸ್’ ಎಂದು ಬರೆದಿದ್ದೇನೆ. ಅದು ಸರಿಯಾ?

ಉತ್ತರ: ನಿಮ್ಮ ಮ್ಯಾನೇಜರ್ ತಮಾಷೆ ಮಾಡಿದ್ದಲ್ಲ. ಅವರಿಗೆ ಕೇಳಿಸಿದ್ದು ‘ಮೊದಲೆಲ್ಲ ರೈಲಿನಲ್ಲಿ ಬರುತ್ತಿದ್ದೆ’ ಎಂದು. ‘ಈಗ ಹಾಗಿಲ್ಲ’ ಎನ್ನುವುದನ್ನು ನೀವು ಬಾಯಿಬಿಟ್ಟು ಹೇಳಲಿಲ್ಲ. ಆದರೆ ‘ಯೂಸ್ಡ್ ಟು’ ಹೇಳಿಬಿಟ್ಟಿತು. ಮತ್ತೆ ಅವರು ‘ಈಗ ಹೇಗೆ?’ ಎಂದು ಕೇಳದೆ ಇನ್ನೇನು ಕೇಳಬೇಕು!

ಡಿ ಬೇಕೋ ಬೇಡವೋ ಎಂಬ ಜಗಳಕ್ಕೆ ಆಮೇಲೆ ಬರೋಣ. ನನ್ನನ್ನು ಕೇಳಿದರೆ ಅದು ಸಣ್ಣ ವಿಷಯ. ಕಾಗುಣಿತ ತಪ್ಪಿದರೂ ಓದುವವರಿಗೆ ಅರ್ಥ ಆಗುತ್ತದೆ. ನಿಮ್ಮ ವಾಕ್ಯದಲ್ಲಿ ಕಾಗುಣಿತ, ವ್ಯಾಕರಣ ಎಲ್ಲ ಸರಿಯಾಗಿಯೇ ಇತ್ತು, ಅರ್ಥ ಮಾತ್ರ ತಲೆಕೆಳಗಾಯಿತು. ಈ ಎರಡು ಪದಗಳ ಬಗ್ಗೆ ನಮ್ಮವರು ಒಂದೇ ಒಂದು ಸಂಗತಿ ಕಲಿಯುವುದಾದರೆ ಇದನ್ನು ಕಲಿಯಲಿ: ಈಗಲೂ ಮಾಡುತ್ತಿರುವ ಕೆಲಸಕ್ಕೆ ‘ಯೂಸ್ಡ್ ಟು’ ಹಾಕಬಾರದು.

ಈಗಿನ ರೂಢಿಯನ್ನು ಹೇಳಲು ಇಂಗ್ಲಿಷಿನಲ್ಲಿ ಏನೂ ಸೇರಿಸಬೇಕಾಗಿಲ್ಲ. ‘ಐ ಕಮ್ ಬೈ ಟ್ರೈನ್’ ಅಷ್ಟೇ ಸಾಕು. ಅಪರೂಪಕ್ಕೆ ಬಸ್ಸಿನಲ್ಲೂ ಬರುವುದುಂಟು ಎಂದಾದರೆ ‘ಐ ಯೂಶುವಲಿ ಕಮ್ ಬೈ ಟ್ರೈನ್’ ಎನ್ನಿ. ನಮ್ಮವರಿಗೆ ಇದು ಯಾಕೋ ಸಪ್ಪೆ ಅನ್ನಿಸುತ್ತದೆ. ಕನ್ನಡದ ‘ಹೋಗುತ್ತೇನೆ’ ನಾಳೆಯ ಮಾತಿಗೂ ಆಗುತ್ತದೆ, ದಿನನಿತ್ಯದ ಮಾತಿಗೂ ಆಗುತ್ತದೆ. ಹಾಗಾಗಿ ದಿನಾ ಮಾಡುವುದು ಎಂದು ಒತ್ತಿ ಹೇಳಲು ಇಂಗ್ಲಿಷಿನಲ್ಲಿ ಏನಾದರೂ ಸಿಗುತ್ತದಾ ಎಂದು ಮನಸ್ಸು ಹುಡುಕುತ್ತದೆ. ‘ಯೂಶುವಲ್’ ಮತ್ತು ‘ಯೂಸ್ಡ್’ ಕಿವಿಗೆ ಹತ್ತಿರ, ಮೂಲವೂ ಒಂದೇ. ‘ರೂಢಿ’ ಎಂಬ ಅರ್ಥ ತಲೆಯಲ್ಲಿ ಉಳಿಯುತ್ತದೆ, ‘ಹಿಂದಿನ’ ಎಂಬುದು ಬಿದ್ದುಹೋಗುತ್ತದೆ. ಇದು ನನ್ನ ಊಹೆ. ಆದರೆ ಇದೇ ತಪ್ಪನ್ನು ತರಗತಿಯಲ್ಲಿ ಕೇಳಿ ಕೇಳಿ ಹುಟ್ಟಿದ ಊಹೆ.

ಇದರಿಂದ ಆಗುವ ಅನಾಹುತ ನೋಡಿ. ಕೆಲಸದ ಸಂದರ್ಶನದಲ್ಲಿ ಹುಡುಗರು ತುಂಬ ವಿಶ್ವಾಸದಿಂದ ‘ಐ ಯೂಸ್ಡ್ ಟು ವರ್ಕ್ ಹಾರ್ಡ್’ ಎನ್ನುತ್ತಾರೆ. ಕೇಳುವವರಿಗೆ ಅದು ‘ಹಿಂದೆ ಕಷ್ಟಪಟ್ಟು ದುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ’ ಎಂದು ಕೇಳಿಸುತ್ತದೆ! ‘ಮೈ ಫಾದರ್ ಯೂಸ್ಡ್ ಟು ವರ್ಕ್ ಇನ್ ದುಬೈ’ ಎಂದರೆ ಅಪ್ಪ ಗಲ್ಫ್ ಬಿಟ್ಟು ಊರಿಗೆ ಬಂದಿದ್ದಾರೆ ಎಂದೇ ಅರ್ಥ. ಅಪ್ಪ ಇನ್ನೂ ಅಲ್ಲೇ ಇದ್ದರೆ ‘ಮೈ ಫಾದರ್ ವರ್ಕ್ಸ್ ಇನ್ ದುಬೈ’. ‘ಮೊದಲೂ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ’ ಎಂದು ಹೇಳಬೇಕಾದಾಗ ‘ಐ ಯೂಸ್ಡ್ ಟು, ಆ್ಯಂಡ್ ಐ ಸ್ಟಿಲ್ ಡೂ’ ಎನ್ನುವವರಿದ್ದಾರೆ, ಅದು ತಪ್ಪಲ್ಲ. ಆದರೆ ಆ ‘ಸ್ಟಿಲ್ ಡೂ’ ಇಲ್ಲದಿದ್ದರೆ ಕೇಳುವವರು ನಿಂತುಹೋಯಿತು ಎಂದೇ ತಿಳಿಯುತ್ತಾರೆ.

ಈಗ ಹಿಂದಿನ ಕಾಲಕ್ಕೆ ಬರೋಣ. ಇಲ್ಲಿಯೂ ಒಂದು ಗುಂಡಿ ಉಂಟು. ಕನ್ನಡದ ‘ಹೋಗುತ್ತಿದ್ದೆ’ ಒಬ್ಬನೇ ಮೂರು ಆಳಿನ ಕೆಲಸ ಮಾಡುತ್ತದೆ. ‘ನೀವು ಫೋನ್ ಮಾಡಿದಾಗ ಪೇಟೆಗೆ ಹೋಗುತ್ತಿದ್ದೆ’ ಎಂದರೆ ಆ ಹೊತ್ತಿನಲ್ಲಿ ದಾರಿಯಲ್ಲಿದ್ದೆ ಎಂದು. ‘ಸಣ್ಣವನಿದ್ದಾಗ ಪೇಟೆಗೆ ನಡೆದೇ ಹೋಗುತ್ತಿದ್ದೆ’ ಎಂದರೆ ಅದು ರೂಢಿ. ‘ನೀವು ಹೇಳಿದ್ದರೆ ಹೋಗುತ್ತಿದ್ದೆ’ ಎಂದರೆ ಹೋಗಲೇ ಇಲ್ಲ ಎಂದು! ಇಂಗ್ಲಿಷಿಗೆ ಈ ಮೂರಕ್ಕೂ ಬೇರೆ ಬೇರೆ ರೂಪ ಬೇಕು: ‘ವಾಸ್ ಗೋಯಿಂಗ್’, ‘ಯೂಸ್ಡ್ ಟು ಗೋ’, ‘ವುಡ್ ಹ್ಯಾವ್ ಗಾನ್’. ಬರೀ ಕನ್ನಡದಲ್ಲಿ ಯೋಚಿಸಿ ಬರೆದರೆ ಎಲ್ಲ ಕಡೆ ‘ವಾಸ್ ಗೋಯಿಂಗ್’ ಬರುತ್ತದೆ. ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್’ ಎಂಬ ವಾಕ್ಯ ಹುಟ್ಟುವುದು ಹೀಗೆ.

ಆದರೆ ಕಾಸರಗೋಡಿನವರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನ ಕನ್ನಡಿಗರಿಗೆ ಅದು ಇಲ್ಲ. ನಮಗೆ ಮಲಯಾಳ ಕಿವಿಯಲ್ಲಿ ಬಿದ್ದಿದೆ. ಮಲಯಾಳದಲ್ಲಿ ‘ಪೋಕುಕಯಾಯಿರುನ್ನು’ ಎಂದರೆ ಆ ಹೊತ್ತಿನಲ್ಲಿ ಹೋಗುತ್ತಿದ್ದದ್ದು. ‘ಪೋಕುಮಾಯಿರುನ್ನು’ ಎಂದರೆ ಹಿಂದೆ ರೂಢಿಯಾಗಿ ಹೋಗುತ್ತಿದ್ದದ್ದು. ಎರಡನ್ನೂ ಯಾರೂ ಗೊಂದಲ ಮಾಡುವುದಿಲ್ಲ. ಹಾಗಾಗಿ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ನಾನು ಸುಮ್ನೆ ಒಂದು ಮಾತು ಹೇಳುವುದು: ಇಂಗ್ಲಿಷ್ ಬರೆಯುವ ಮೊದಲು ಅದೇ ಮಾತನ್ನು ಮಲಯಾಳದಲ್ಲಿ ಹೇಳಿ ನೋಡಿ. ‘ಪೋಕುಮಾಯಿರುನ್ನು’ ಬಂದರೆ ‘ಯೂಸ್ಡ್ ಟು’ ಹೊಂದುವ ಸಾಧ್ಯತೆ ಜಾಸ್ತಿ. ‘ಪೋಕುಕಯಾಯಿರುನ್ನು’ ಬಂದರೆ ‘ವಾಸ್ ಗೋಯಿಂಗ್’. ಪೂರ್ತಿ ನಂಬಬೇಡಿ. ‘ಕರೆದಿದ್ದರೆ ಬರುತ್ತಿದ್ದೆ’ ಎನ್ನುವುದಕ್ಕೂ ಮಲಯಾಳದಲ್ಲಿ ‘ವರುಮಾಯಿರುನ್ನು’ ಎಂದೇ ಬರುತ್ತದೆ. ಅಲ್ಲಿ ‘ಯೂಸ್ಡ್ ಟು’ ಹಾಕಿದರೆ ಕೆಟ್ಟಿತು. ಅಷ್ಟೊಂದು ಎಚ್ಚರ ಇದ್ದರೆ ಉಳಿದದ್ದೆಲ್ಲ ಸಲೀಸು.

ರೂಢಿಗೆ ಮಾತ್ರವಲ್ಲ, ಹಿಂದಿನ ಸ್ಥಿತಿಗೂ ‘ಯೂಸ್ಡ್ ಟು’ ಬರುತ್ತದೆ. ‘ಕಾಸರಗೋಡ್ ಯೂಸ್ಡ್ ಟು ಬಿ ಪಾರ್ಟ್ ಆಫ್ ಸೌತ್ ಕೆನರಾ.’ 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಅದಕ್ಕೆ ಮೊದಲು ದಕ್ಷಿಣ ಕನ್ನಡದ ಒಂದು ತಾಲೂಕು. ಹಿಂದೆ ಹಾಗಿತ್ತು, ಈಗ ಹಾಗಿಲ್ಲ. ಈ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಊರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. (ಇದನ್ನು ಹೇಳುವಾಗ ನಮ್ಮ ಹಿರಿಯರ ದನಿ ಇಂಗ್ಲಿಷಿನಲ್ಲೂ ಸ್ವಲ್ಪ ಬದಲಾಗುತ್ತದೆ, ಅದು ಬೇರೆ ಮಾತು.) ಕಡವು ಇದ್ದ ಜಾಗದಲ್ಲಿ ಈಗ ಸೇತುವೆ ಇದ್ದರೆ ‘ದೇರ್ ಯೂಸ್ಡ್ ಟು ಬಿ ಎ ಫೆರಿ ಹಿಯರ್’ ಎನ್ನಬಹುದು. ಆದರೆ ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಅದು ಒಮ್ಮೆ ನಡೆದ ಘಟನೆ, ಅದಕ್ಕೆ ‘ಬಿಕೇಮ್’ ಮಾತ್ರ. ಒಂದು ಸಲ ನಡೆದದ್ದು, ಇಷ್ಟು ಸಲ ಎಂದು ಲೆಕ್ಕ ಹೇಳಿದ್ದು, ಇಷ್ಟು ವರ್ಷ ಎಂದು ಅಳತೆ ಹೇಳಿದ್ದು, ಇವಕ್ಕೆಲ್ಲ ಬರೀ ಭೂತಕಾಲ ಸಾಕು. ‘ಐ ವೆಂಟ್ ಟು ಬೇಕಲ್ ತ್ರೀ ಟೈಮ್ಸ್’ ಸರಿ, ‘ಐ ಯೂಸ್ಡ್ ಟು ಗೋ ಟು ಬೇಕಲ್ ತ್ರೀ ಟೈಮ್ಸ್’ ತಪ್ಪು. ಅದೇ ‘ತ್ರೀ ಟೈಮ್ಸ್ ಎ ವೀಕ್’ ಎಂದರೆ ಮತ್ತೆ ಸರಿ, ಯಾಕೆಂದರೆ ಅದು ಲೆಕ್ಕ ಅಲ್ಲ, ರೂಢಿ.

ಪಠ್ಯಪುಸ್ತಕಗಳು ಅಷ್ಟಾಗಿ ಹೇಳದ ಒಂದು ಸೂಕ್ಷ್ಮ ಇಲ್ಲಿದೆ. ಮಕ್ಕಳು ಕವಿಗಳ ಬಗ್ಗೆ ಟಿಪ್ಪಣಿ ಬರೆಯುವಾಗ ‘ಗೋವಿಂದ ಪೈ ಯೂಸ್ಡ್ ಟು ಬಿ ಎ ಗ್ರೇಟ್ ಪೊಯೆಟ್’ ಎಂದು ಬರೆಯುತ್ತಾರೆ. ಮಂಜೇಶ್ವರದ ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರು ಈಗ ಇಲ್ಲವಲ್ಲ, ಹಾಗಾದರೆ ‘ಯೂಸ್ಡ್ ಟು’ ಸರಿ ಅಲ್ವಾ ಎಂದು ಮಕ್ಕಳು ಕೇಳುತ್ತಾರೆ. ಸರಿ ಅಲ್ಲ. ‘ಯೂಸ್ಡ್ ಟು’ ಹೇಳುವ ಬದಲಾವಣೆ ಆ ಮನುಷ್ಯನ ಆಯುಷ್ಯದ ಒಳಗೇ ಆಗಿರಬೇಕು. ಹಾಗೆ ಬರೆದರೆ ಗೋವಿಂದ ಪೈ ಮೊದಲು ದೊಡ್ಡ ಕವಿಯಾಗಿದ್ದರು, ಆಮೇಲೆ ಕವಿತೆ ಬಿಟ್ಟು ಬೇರೇನೋ ಮಾಡಿದರು ಎಂಬ ಅರ್ಥ ಬರುತ್ತದೆ. ‘ಹಿ ಯೂಸ್ಡ್ ಟು ನೋ ಮೆನಿ ಲ್ಯಾಂಗ್ವೇಜಸ್’ ಎಂದರೆ ಇನ್ನೂ ಕಷ್ಟ, ಕಲಿತ ಭಾಷೆಗಳನ್ನು ಕೊನೆಗೆ ಮರೆತುಬಿಟ್ಟರು ಎಂದಾಗುತ್ತದೆ. ‘ಹಿ ವಾಸ್ ಎ ಗ್ರೇಟ್ ಪೊಯೆಟ್’, ‘ಹಿ ನ್ಯೂ ಮೆನಿ ಲ್ಯಾಂಗ್ವೇಜಸ್’ ಎಂದೇ ಬರೆಯಬೇಕು. ನಮ್ಮ ಇನ್ನೊಬ್ಬ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ಪೆರಡಾಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಮುಪ್ಪಿನ ಕಾಲದಲ್ಲಿ ಯಾರಾದರೂ ‘ಹಿ ಯೂಸ್ಡ್ ಟು ಬಿ ಎ ಟೀಚರ್’ ಎಂದಿದ್ದರೆ ಅದರಲ್ಲಿ ತಪ್ಪೇ ಇಲ್ಲ. ಕೆಲಸದಿಂದ ನಿವೃತ್ತಿ ಉಂಟು. ಅದೇ ಬಾಯಿಯಲ್ಲಿ ‘ಹಿ ಯೂಸ್ಡ್ ಟು ಬಿ ಎ ಪೊಯೆಟ್’ ಎಂದಿದ್ದರೆ ಕಯ್ಯಾರರು ಸುಮ್ಮನಿರುತ್ತಿದ್ದರು ಎಂದು ನನಗನ್ನಿಸುವುದಿಲ್ಲ.

‘ವುಡ್’ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಿಂದಿನ ರೂಢಿಗೆ ‘ವುಡ್’ ಕೂಡ ನಡೆಯುತ್ತದೆ. ಕಥೆ ಹೇಳುವ ಹಾಗೆ ನೆನಪು ಬರೆಯುವಾಗ ಇಡೀ ಪುಟ ‘ಯೂಸ್ಡ್ ಟು, ಯೂಸ್ಡ್ ಟು’ ಎಂದು ತುಂಬಿದರೆ ಓದಲಿಕ್ಕಾಗುವುದಿಲ್ಲ. ಬಯಲಾಟ ನೋಡಲು ಹೋಗುತ್ತಿದ್ದ ನೆನಪು ಬರೆಯುತ್ತೀರಿ ಎಂದುಕೊಳ್ಳಿ. ಮೊದಲ ವಾಕ್ಯ ‘ವೀ ಯೂಸ್ಡ್ ಟು ವಾಕ್ ಟು ದ ಬಯಲಾಟ’. ಅದರ ಮುಂದೆ ‘ಮೈ ಅಂಕಲ್ ವುಡ್ ಲೈಟ್ ಎ ಸೂಟೆ’ (ಸೂಟೆ ಎಂದರೆ ಒಣಗರಿಯ ಪಂಜು), ‘ವೀ ವುಡ್ ಕಮ್ ಹೋಮ್ ಅಟ್ ಡಾನ್’. ಕಾಲ ಯಾವುದು ಎಂದು ಮೊದಲ ವಾಕ್ಯ ಹೇಳಿಯಾಯಿತು, ಮತ್ತಿನದ್ದನ್ನು ‘ವುಡ್’ ನೋಡಿಕೊಳ್ಳುತ್ತದೆ. ಆದರೆ ಸ್ಥಿತಿಗೆ ‘ವುಡ್’ ಆಗುವುದಿಲ್ಲ. ‘ಕಾಸರಗೋಡ್ ವುಡ್ ಬಿ ಪಾರ್ಟ್ ಆಫ್ ಸೌತ್ ಕೆನರಾ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಇನ್ನು ಡಿ. ‘ಯೂಸ್ ಟು’ ಎಂದು ಬರೆಯುವವರ ತಪ್ಪು ಕಿವಿಯ ತಪ್ಪು. ಡಿ ಆದ ಮೇಲೆ ತಕ್ಷಣ ಟಿ ಬರುತ್ತದೆ. ಎರಡನ್ನೂ ಬಿಡಿಸಿ ಹೇಳಲು ಇಂಗ್ಲಿಷಿನವರಿಗೂ ಪುರುಸೊತ್ತಿಲ್ಲ, ‘ಯೂಸ್ಟು’ ಎಂದು ಮುಗಿಸುತ್ತಾರೆ. ಕೇಳಿದ್ದನ್ನೇ ಬರೆದರೆ ಡಿ ಬೀಳುತ್ತದೆ. ‘ಸಪೋಸ್ಡ್ ಟು’ ಎನ್ನುವುದೂ ಹೀಗೇ ‘ಸಪೋಸ್ ಟು’ ಆಗುತ್ತದೆ. ಇದು ನಮ್ಮವರು ಮಾತ್ರ ಮಾಡುವುದಲ್ಲ, ಇಂಗ್ಲಿಷ್ ತಾಯ್ನುಡಿಯವರೇ ಧಾರಾಳ ಮಾಡುತ್ತಾರೆ. ಆದರೆ ‘ಐ ಯೂಸ್ಡ್ ಟು’, ‘ಶಿ ಯೂಸ್ಡ್ ಟು’, ‘ದೇ ಯೂಸ್ಡ್ ಟು’ ಎಂದು ನೇರವಾಗಿ ಹೇಳುವಾಗ ಡಿ ಇರಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ವರ್ತಮಾನದಲ್ಲಿ ‘ಐ ಯೂಸ್ ಟು ಗೋ’ ಎಂಬ ರೂಪವೇ ಇಂದಿನ ಇಂಗ್ಲಿಷಿನಲ್ಲಿ ಇಲ್ಲ. ಹಿಂದೆ ಇತ್ತು. 1611ರ ಇಂಗ್ಲಿಷ್ ಬೈಬಲಿನ 119ನೇ ಕೀರ್ತನೆಯಲ್ಲಿ ‘ಆ್ಯಸ್ ದೌ ಯೂಸೆಸ್ಟ್ ಟು ಡೂ’ ಎಂದು ಬರುತ್ತದೆ, ‘ನೀನು ಮಾಡುವ ವಾಡಿಕೆಯಂತೆ’ ಎಂಬರ್ಥದಲ್ಲಿ. ಆಮೇಲೆ ವರ್ತಮಾನದ ರೂಪ ಬಳಕೆ ತಪ್ಪಿತು, ಭೂತಕಾಲದ್ದು ಮಾತ್ರ ಉಳಿಯಿತು. ಈಗಿನ ರೂಢಿಗೆ ‘ಯೂಸ್ಡ್ ಟು’ ಹಾಕುವ ನಮ್ಮ ಹುಡುಗರು ನಾಲ್ಕು ನೂರು ವರ್ಷ ತಡವಾಗಿ ಹುಟ್ಟಿದವರು!

ಹಾಗಾದರೆ ನಿಮ್ಮ ತಮ್ಮನಿಗೆ ಕೆಂಪು ಗೆರೆ ಯಾಕೆ? ‘ಡಿಡ್’ ಬಂದದ್ದರಿಂದ. ‘ಡಿಡ್ ನಾಟ್ ವೆಂಟ್’ ಎನ್ನುವುದಿಲ್ಲ, ‘ಡಿಡ್ ನಾಟ್ ಗೋ’ ಎನ್ನುತ್ತೇವೆ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ಮುಂದಿನ ಕ್ರಿಯಾಪದಕ್ಕೆ ಅದು ಬೇಡ. ಅದೇ ಲೆಕ್ಕದಲ್ಲಿ ‘ಡಿಡ್ ನಾಟ್ ಯೂಸ್ ಟು’, ‘ಡಿಡ್ ಯೂ ಯೂಸ್ ಟು?’ ಇಲ್ಲಿ ಡಿ ಬೇಡ. ಟೀಚರ್ ಮಾಡಿದ್ದು ಸರಿ. ಆದರೂ ತಮ್ಮನನ್ನು ಜಾಸ್ತಿ ಬೈಯಬೇಡಿ. ಅಚ್ಚಾದ ಪುಸ್ತಕಗಳಲ್ಲೂ ‘ಡಿಡ್‌ಂಟ್ ಯೂಸ್ಡ್ ಟು’ ಬೇಕಾದಷ್ಟು ಕಾಣಸಿಗುತ್ತದೆ. ‘ಯೂಸ್ಡ್ ಟು’ ಈಗ ಒಂದೇ ಗಟ್ಟಿ ಮಾತಾಗಿದೆ, ಅದನ್ನು ಮುಟ್ಟಬಾರದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಕೇಳುವಾಗ ಎರಡೂ ಒಂದೇ. ಪರೀಕ್ಷೆಯಲ್ಲಿ ಮಾತ್ರ ಡಿ ಇಲ್ಲದೆ ಬರೆಯಲಿ.

ಈ ತಲೆನೋವೇ ಬೇಡ ಎನ್ನುವವರಿಗೆ ಒಂದು ಸುಲಭದ ದಾರಿ ‘ನೆವರ್ ಯೂಸ್ಡ್ ಟು’. ‘ಐ ನೆವರ್ ಯೂಸ್ಡ್ ಟು ಡ್ರಿಂಕ್ ಟೀ’ ಎಂದರೆ ‘ಮೊದಲೆಲ್ಲ ಚಹಾ ಕುಡಿಯುತ್ತಿರಲಿಲ್ಲ’. ‘ಡಿಡ್’ ಇಲ್ಲ, ಜಗಳವೂ ಇಲ್ಲ. ನಾನಂತೂ ಬರೆಯುವಾಗ ಇದನ್ನೇ ಬಳಸುವುದು. ‘ಯೂಸ್ಡ್ ನಾಟ್ ಟು’, ‘ಯೂಸ್ಡಂಟ್ ಟು’ ಎಂಬ ಹಳೆಯ ಬ್ರಿಟಿಷ್ ರೂಪಗಳು ಕೆಲವು ವ್ಯಾಕರಣ ಪುಸ್ತಕಗಳಲ್ಲಿ ಇನ್ನೂ ಕೂತಿವೆ. ಗುರುತು ಸಿಕ್ಕಿದರೆ ಸಾಕು, ಬಳಸುವುದು ಬೇಡ. ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವವರು ಒಂದು ನೆನಪಿಡಿ: ‘ಹಿ ಯೂಸ್ಡ್ ಟು ವರ್ಕ್ ಹಿಯರ್’ ಎಂಬುದರ ಬಾಲ, ಅಂದರೆ ಕೊನೆಗೆ ಸೇರಿಸುವ ‘ಅಲ್ವಾ?’ ಎಂಬ ಪ್ರಶ್ನೆ (ಕ್ವೆಶ್ಚನ್ ಟ್ಯಾಗ್), ‘ಡಿಡ್‌ಂಟ್ ಹಿ?’.

‘ಐ ಆ್ಯಮ್ ಯೂಸ್ಡ್ ಟು’ ಬೇರೆಯೇ ಸಂಗತಿ. ‘ನನಗೆ ಅಭ್ಯಾಸವಾಗಿದೆ, ಇನ್ನು ಅದು ಕಷ್ಟ ಅನ್ನಿಸುವುದಿಲ್ಲ’ ಎಂದು ಅದರ ಅರ್ಥ. ಇದರ ಮುಂದೆ ಹೆಸರುಪದ ಬರಬೇಕು, ಇಲ್ಲವೇ ‘ಇಂಗ್’ ಹಚ್ಚಿದ ರೂಪ ಬರಬೇಕು. ‘ಐ ಆ್ಯಮ್ ಯೂಸ್ಡ್ ಟು ದ ಕ್ರೌಡ್’, ‘ಐ ಆ್ಯಮ್ ಯೂಸ್ಡ್ ಟು ಸ್ಟ್ಯಾಂಡಿಂಗ್ ಇನ್ ದ ಟ್ರೈನ್’. ದಿನಾ ಮಂಗಳೂರಿಗೆ ಹೋಗುವ ನಿಮಗೆ ಇದು ಧಾರಾಳ ಬೇಕಾಗುತ್ತದೆ. ‘ಐ ಆ್ಯಮ್ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಎನ್ನುವುದು ತಪ್ಪು, ‘ಗೆಟಿಂಗ್ ಅಪ್’ ಆಗಬೇಕು. ಇದು ಯಾವ ಕಾಲಕ್ಕೂ ನಡೆಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ‘ಯೂ ವಿಲ್ ಗೆಟ್ ಯೂಸ್ಡ್ ಟು ಇಟ್’ ಎಂದು ಧೈರ್ಯ ಹೇಳಬಹುದು. ಇಲ್ಲಿಯೂ ಡಿ ಯಾವಾಗಲೂ ಇರಬೇಕು.

ಮೂರನೆಯದು ಒಂದಿದೆ, ಅದೇ ಎಲ್ಲಕ್ಕಿಂತ ಮೋಸದ್ದು. ‘ಉಪಯೋಗಿಸು’ ಎಂಬ ಅರ್ಥದ ‘ಯೂಸ್’. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. ಪಡ್ರೆಯಂಥ ಊರುಗಳ ಜನ ಅನುಭವಿಸಿದ್ದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಈಗಲೂ ಅದರ ಬಗ್ಗೆ ಇಂಗ್ಲಿಷಿನಲ್ಲಿ ಮನವಿ, ವರದಿ ಬರೆಯುವವರು ನಮ್ಮಲ್ಲಿ ಇದ್ದಾರೆ. ‘ಹೆಲಿಕಾಪ್ಟರ್ಸ್ ಯೂಸ್ಡ್ ಟು ಸ್ಪ್ರೇ ಎಂಡೋಸಲ್ಫಾನ್’ ಎಂದರೆ ಹೆಲಿಕಾಪ್ಟರುಗಳು ಸಿಂಪಡಿಸುತ್ತಿದ್ದವು ಎಂದು. ‘ಹೆಲಿಕಾಪ್ಟರ್ಸ್ ವರ್ ಯೂಸ್ಡ್ ಟು ಸ್ಪ್ರೇ’ ಎಂದರೆ ಸಿಂಪಡಿಸಲು ಹೆಲಿಕಾಪ್ಟರುಗಳನ್ನು ಬಳಸಿದರು ಎಂದು. ಎರಡೂ ಸರಿ. ಆದರೆ ‘ವರ್’ ಇದ್ದಲ್ಲಿ ‘ಆರ್’ ಬಂದರೆ ಈಗಲೂ ಸಿಂಪಡಿಸುತ್ತಿದ್ದಾರೆ ಎಂದಾಗುತ್ತದೆ. ಮನವಿ ಓದುವ ಅಧಿಕಾರಿಗೆ ಇಡೀ ಕಾಗದದ ಮೇಲೆಯೇ ಸಂಶಯ ಬರಲು ಅಷ್ಟು ಸಾಕು. ‘ದ ಹೆಲಿಕಾಪ್ಟರ್ಸ್ ಯೂಸ್ಡ್ ಟು ಸ್ಪ್ರೇ ದ ಎಸ್ಟೇಟ್ಸ್ ಫ್ಲೂ ಲೋ’ ಎಂಬ ವಾಕ್ಯ ನೋಡಿ. ಅರ್ಧ ಓದುವಾಗ ‘ಸಿಂಪಡಿಸುತ್ತಿದ್ದವು’ ಅನ್ನಿಸುತ್ತದೆ, ಕೊನೆಗೆ ಬಂದಾಗ ‘ಸಿಂಪಡಿಸಲು ಬಳಸಿದ ಹೆಲಿಕಾಪ್ಟರುಗಳು ತಗ್ಗಿನಲ್ಲಿ ಹಾರಿದವು’ ಎಂದು ತಿರುಗುತ್ತದೆ. ವ್ಯಾಕರಣ ತಪ್ಪಿಲ್ಲ, ಆದರೂ ಇಂಥದನ್ನು ಬರೆಯಬೇಡಿ. ಗಟ್ಟಿಯಾಗಿ ಓದುವಾಗ ಮಾತ್ರ ಈ ಗೊಂದಲ ಇರುವುದಿಲ್ಲ. ರೂಢಿಯ ‘ಯೂಸ್ಡ್ ಟು’ ಮತ್ತು ಅಭ್ಯಾಸದ ‘ಯೂಸ್ಡ್ ಟು’ ಎರಡರಲ್ಲೂ ಸಕಾರ ಮೆದು, ‘ಯೂಸ್ಟು’. ಬಳಸುವ ಅರ್ಥದಲ್ಲಿ ಅದು ‘ಝೀಬ್ರಾ’ದ ಝಕಾರ, ‘ಯೂಝ್ಡ್’. ನಮ್ಮಲ್ಲಿ ಎಲ್ಲವನ್ನೂ ‘ಯೂಸ್ಡ್’ ಎಂದೇ ಹೇಳುವುದರಿಂದ ಈ ವ್ಯತ್ಯಾಸ ಕಿವಿಗೆ ಬೀಳುವುದೇ ಇಲ್ಲ.

ಇನ್ನು ನಿಮ್ಮ ಅರ್ಜಿ. ‘ಫಾರ್ ತ್ರೀ ಇಯರ್ಸ್’ ಎಂದು ಅಳತೆ ಹೇಳಿದ ಮೇಲೆ ‘ಯೂಸ್ಡ್ ಟು’ ತೆಗೆಯಬೇಕು. ‘ಟೇಕ್ ಟ್ಯೂಷನ್’ ಎನ್ನುವುದನ್ನೂ ತೆಗೆಯಿರಿ. ನಮ್ಮಲ್ಲಿ ಅದಕ್ಕೆ ಮಕ್ಕಳಿಗೆ ಪಾಠ ಹೇಳುವುದು ಎಂದರ್ಥ. ಹೊರಗಿನವರು ಅದನ್ನು ಓದಿ ನೀವೇ ಮೂರು ವರ್ಷ ಟ್ಯೂಷನ್‌ಗೆ ಹೋಗಿದ್ದಿರಿ ಎಂದುಕೊಂಡಾರು. ‘ಐ ಟಾಟ್ ಸ್ಕೂಲ್ ಸ್ಟೂಡೆಂಟ್ಸ್ ಅಟ್ ಹೋಮ್ ಫಾರ್ ತ್ರೀ ಇಯರ್ಸ್’ ಎಂದು ಬರೆಯಿರಿ. ಟ್ಯೂಷನ್ ಈಗಲೂ ನಡೆಯುತ್ತಿದ್ದರೆ ಅದೂ ಸಾಲದು. ಆಗ ‘ಐ ಹ್ಯಾವ್ ಬೀನ್ ಟೀಚಿಂಗ್’ ಎಂದು ಶುರುಮಾಡಿ, ಉಳಿದದ್ದನ್ನು ಹಾಗೆಯೇ ಬಿಡಿ.